‘ಲೂಸಿಯಾ’ ಕೊನೆ ತಲೆಗೆ ಹೋಗ್ತಿಲ್ಲ, ಯಾರಾದ್ರೂ ಬಿಡಿಸಿ ಹೇಳಿ

ತುಮಕೂರಿನವನು. ಪವನ್ ಕುಮಾರ್ ಅವರ 2013ರ ‘ಲೂಸಿಯಾ’ ಮೊನ್ನೆಯಷ್ಟೇ ನೋಡಿದೆ. ಹೌದು, ತುಂಬಾ ಲೇಟು. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ.

ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಗೆ ನಿದ್ದೆ ಬರಲ್ಲ. ಮಾತ್ರೆ ತಗೊಂಡ ಮೇಲೆ ಕನಸಿನಲ್ಲಿ ಸ್ಟಾರ್ ಆಗುತ್ತಾನೆ. ಕನಸು ಕಪ್ಪು-ಬಿಳುಪು, ಬದುಕು ಬಣ್ಣ. ಅಲ್ಲಿವರೆಗೆ ಸರಿ. ಕೊನೆಗೆ ಎಲ್ಲ ಉಲ್ಟಾ! ಸ್ಟಾರೇ ನಿಜ, ಟಾರ್ಚಿನವನೇ ಕನಸು. ಹಾಗಾದ್ರೆ ಮಾತ್ರೆ ನುಂಗಿದ್ದು ಯಾರು?

ಎರಡು ಸಲ ನೋಡಿದೆ. ಪೇಪರಿನಲ್ಲಿ ಎರಡು ಕಾಲಂ ಹಾಕಿ ಬರೆದೂ ನೋಡಿದೆ. ಭಾವ ‘ಸುಮ್ನೆ ಹಾಡು ಕೇಳೋ’ ಅಂತಾರೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಬೆಟ್ ಬೇರೆ ಕಟ್ಟಿಬಿಟ್ಟಿದ್ದೇವೆ.

ಸ್ಟಾರ್ ನಿಕ್ಕಿಯೂ ಆ ಮಾತ್ರೆ ತಗೊಳ್ಳುತ್ತಾನೆ ಅಂತ ಗೊತ್ತಾಗುವ ದೃಶ್ಯ ಇದೆಯಾ? ಇದ್ದರೆ ಸಿನಿಮಾದಲ್ಲಿ ಎಲ್ಲಿ ಬರುತ್ತೆ?