ಸೆಕೆಂಡ್ ಹ್ಯಾಂಡ್ ಕಾರಿನ ಕ್ಲಚ್, ಎಸಿ ಹೋದರೆ ದುಡ್ಡು ಯಾರು ಕೊಡಬೇಕು?

ತುಂಗಾ ತೀರ, ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ 2016ರ ಡೀಸೆಲ್ ಹ್ಯಾಚ್‌ಬ್ಯಾಕ್ ತಗೊಂಡೆವು. ಬೆಲೆ 4 ಲಕ್ಷ 10 ಸಾವಿರ. ಮೀಟರ್ 78 ಸಾವಿರ ಕಿ.ಮೀ. ತೋರಿಸುತ್ತಿತ್ತು. ಜಾಹೀರಾತಿನಲ್ಲಿ 'ಎಸಿ ಸೂಪರ್ ಕೂಲಿಂಗ್, ಒಂದು ರೂಪಾಯಿ ಕೆಲಸ ಇಲ್ಲ' ಅಂತ ಬರೆದಿದ್ದರು. ಕೆಲವೇ ವಾರಕ್ಕೆ ಎಸಿಯಲ್ಲಿ ಬಿಸಿಗಾಳಿ ಬರಲು ಶುರುವಾಯಿತು. ಆಮೇಲೆ ಅಮ್ಮನನ್ನು ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸಿ ವಾಪಸ್ ಬರುವಾಗ ಆಗುಂಬೆ ಘಾಟಿಯಲ್ಲಿ ಕ್ಲಚ್ ಸ್ಲಿಪ್ ಆಯಿತು. ಸುಟ್ಟ ವಾಸನೆ, ಗಾಡಿ ಮೇಲೆ ಹತ್ತುತ್ತಿಲ್ಲ. ಅಮ್ಮನನ್ನು ಬಸ್ಸಿಗೆ ಹತ್ತಿಸಬೇಕಾಯಿತು.

ಇಲ್ಲಿನ ಗ್ಯಾರೇಜಿನವರು ಕ್ಲಚ್ ಸೆಟ್‌ಗೆ 13,500, ಎಸಿ ಕಂಪ್ರೆಸರ್‌ಗೆ (ಎಸಿ ಗ್ಯಾಸ್ ಒತ್ತಿ ಕಳಿಸುವ ಪಂಪ್) 19,000 ಹೇಳಿದ್ದಾರೆ. ಡೀಲರ್‌ಗೆ ಫೋನ್ ಮಾಡಿದರೆ, 'ವಾರಂಟಿ ಇರೋದು ಇಂಜಿನ್, ಗೇರ್‌ಬಾಕ್ಸ್‌ಗೆ ಮಾತ್ರ. ಹಳೇ ಗಾಡಿಯಲ್ಲಿ ಇವೆಲ್ಲ ಸಾಮಾನ್ಯವಾಗಿ ಹೋಗೋ ಪಾರ್ಟು' ಅಂದರು. ಇದು ನ್ಯಾಯವಾ?

ಬಸವನಗುಡಿ ಓದುಗ:
ಬೇಜಾರು ಮಾಡ್ಕೋಬೇಡಿ ಸರ್, ಆದರೆ ಹೊಸ ಕಾರಿನ ಬೆಲೆ ಕೊಡದೆ ಹೊಸ ಕಾರಿನ ಭರವಸೆ ಕೇಳಲು ಆಗಲ್ಲ. ಕ್ಲಚ್, ಬ್ರೇಕ್ ಪ್ಯಾಡ್, ಟೈರ್, ಬ್ಯಾಟರಿ, ಸಸ್ಪೆನ್ಷನ್ ಬುಷ್ ಎಲ್ಲ ಸವೆಯಲೆಂದೇ ಇರುವ ಸಾಮಾನು. ತಗೊಳ್ಳುವಾಗಲೇ ಒಂದಷ್ಟು ದುಡ್ಡು ರಿಪೇರಿಗೆ ಅಂತ ತೆಗೆದಿಡಬೇಕು.

ಮೈಸೂರು ಕಾರ್ ವ್ಯಾಪಾರಿ:
ನಾನೂ ಇದೇ ವ್ಯಾಪಾರದಲ್ಲಿದ್ದೇನೆ, ಅದಕ್ಕೆ ನಮ್ಮ ಕಡೆಯ ಮಾತೂ ಹೇಳುತ್ತೇನೆ. ಒಂದು ಸಣ್ಣ ಗಾಡಿಯಲ್ಲಿ ನಮಗೆ ಉಳಿಯುವುದು ಕಡಿಮೆ. ಮಾರಿದ ಮೇಲೆ ಯಾರು ಹೇಗೆ ಓಡಿಸುತ್ತಾರೆ ಅಂತ ನಮಗೆ ಗೊತ್ತಾಗಲ್ಲ. ಕ್ಲಚ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರಿದ್ದಾರೆ. ಘಾಟಿಯಲ್ಲಿ ಹಾಫ್ ಕ್ಲಚ್ ಹಿಡಿದು, ಅಂದರೆ ಪೆಡಲ್ ಅರ್ಧ ಒತ್ತಿಕೊಂಡೇ ನಿಲ್ಲಿಸಿದರೆ ಒಳ್ಳೇ ಕ್ಲಚ್ ಪ್ಲೇಟ್ ಕೂಡ ಒಂದೇ ದಿನದಲ್ಲಿ ಸುಟ್ಟುಹೋಗುತ್ತೆ. ಅದೂ ಅಲ್ಲದೆ ಇಷ್ಟು ಓಡಿದ ಗಾಡಿಗೆ ಕ್ಲಚ್ ಕೆಲಸ ಬರೋದು ಎಲ್ಲರಿಗೂ ಗೊತ್ತಿರುವ ವಿಷಯ. ಬೆಲೆಯಲ್ಲೇ ಅದನ್ನು ಕಳೆದಿರುತ್ತೇವೆ.

ಕುಂದಾಪುರದ ಟೀಚರ್:
'ಎಲ್ಲರಿಗೂ' ಅಂದರೆ ಯಾರಿಗೆ ಸರ್? ನಿಮಗೆ ಗೊತ್ತು, ಗ್ಯಾರೇಜಿನವರಿಗೆ ಗೊತ್ತು. ಮೊದಲ ಸಲ ಕಾರು ಕೊಳ್ಳುವವರಿಗೆ ಗೊತ್ತಿರಲ್ಲ. ಬೆಲೆಯಲ್ಲಿ ಕಳೆದಿದ್ದರೆ 'ಕ್ಲಚ್ ಬದಲಾಯಿಸಬೇಕಾಗುತ್ತೆ, ಅದಕ್ಕೇ ಇಷ್ಟು ಕಡಿಮೆ' ಅಂತ ಒಂದು ಸಾಲು ಬರೆದು ಕೊಡಿ. ಇಲ್ಲಿ ಬರೆದಿರುವುದು 'ಒಂದು ರೂಪಾಯಿ ಕೆಲಸ ಇಲ್ಲ' ಅಂತ. ಎರಡೂ ಹೇಗೆ ಸರಿ ಆಗುತ್ತೆ?

ಹುಬ್ಬಳ್ಳಿ ಗ್ಯಾರೇಜ್:
ನೋಡ್ರಿ, ಕ್ಲಚ್ ಮತ್ತು ಕಂಪ್ರೆಸರ್ ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಬೇಡಿ. ಇಲ್ಲೇ ಎಲ್ಲರೂ ಎಡವುತ್ತಿದ್ದೀರಿ.

ಕ್ಲಚ್ ಮೊದಲೇ ಸೂಚನೆ ಕೊಡುತ್ತದೆ. ಪೆಡಲ್ ತುಂಬಾ ಮೇಲೆ ಬಂದಾಗ ಮಾತ್ರ ಹಿಡಿಯುತ್ತಿದ್ದರೆ ಪ್ಲೇಟ್ ಸವೆದಿರುವ ಸಾಧ್ಯತೆ ಜಾಸ್ತಿ. ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರ್ ಹಾಕಿ ನಿಧಾನವಾಗಿ ಕ್ಲಚ್ ಬಿಡಿ. ಇಂಜಿನ್ ಆಫ್ ಆಗಬೇಕು. ಆಫ್ ಆಗದೆ ಓಡುತ್ತಲೇ ಇದ್ದರೆ ಸ್ಲಿಪ್ ಇದೆ. ಎರಡು ನಿಮಿಷದ ಕೆಲಸ. ಹಾಗಾಗಿ ಕ್ಲಚ್ ವಿಷಯದಲ್ಲಿ ಕೊಂಡವರು ನೋಡಿಕೊಳ್ಳಬೇಕಿತ್ತು ಅನ್ನುವ ಮಾತಿನಲ್ಲಿ ಅರ್ಥ ಇದೆ.

ಕಂಪ್ರೆಸರ್ ಹಾಗಲ್ಲ. ಲೀಕ್ ಇರುವ ಸಿಸ್ಟಂಗೆ ಮಾರುವ ಮುಂಚೆ ಗ್ಯಾಸ್ ತುಂಬಿಸಿದರೆ ಕೆಲವು ದಿನ ಚೆನ್ನಾಗಿ ತಣ್ಣಗಾಗುತ್ತೆ. ಟೆಸ್ಟ್ ಡ್ರೈವ್‌ನಲ್ಲಿ ಯಾರಿಗೂ ತಿಳಿಯಲ್ಲ. ಆದರೆ ಲೀಕ್ ಆಗುವಾಗ ಗ್ಯಾಸ್ ಜೊತೆಗೆ, ಕಂಪ್ರೆಸರ್ ಸವೆಯದಂತೆ ಕಾಯುವ ಎಣ್ಣೆಯೂ ಹೊರಬರುತ್ತೆ. ಪೈಪ್ ಜಾಯಿಂಟ್‌ನಲ್ಲಿ ಧೂಳು ಮೆತ್ತಿಕೊಂಡ ಹಳೇ ಎಣ್ಣೆ ಕಲೆ ಇದೆಯಾ ನೋಡಿ. ಪೈಪ್ ಬಿಚ್ಚಿದಾಗ ಕಪ್ಪು ಎಣ್ಣೆ, ಲೋಹದ ಪುಡಿ ಬಂದರೆ ಕಂಪ್ರೆಸರ್ ಒಳಗೇ ಸವೆದಿದೆ ಅಂತ. ಅಷ್ಟು ಪುಡಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಆಗುವಂಥದ್ದಲ್ಲ. ಅಂಥ ಗುರುತು ಸಿಕ್ಕರೆ ಮಾರುವಾಗಲೇ ದೋಷ ಇತ್ತು ಅನ್ನೋದಕ್ಕೆ ಅದೇ ಸಾಕ್ಷಿ.

ಇನ್ನೊಂದು ಮಾತು. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ. ಎರರ್ ಕೋಡ್ (ಗಾಡಿ ತಾನೇ ದಾಖಲಿಸಿಟ್ಟ ದೋಷದ ಗುರುತು) ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅಂತ ಬಹಳಷ್ಟು ಗಾಡಿಗಳಲ್ಲಿ ತೋರಿಸುತ್ತೆ. ಅದು ನೀವು ತಗೊಂಡ ದಿನಕ್ಕೆ ಹೊಂದಿದರೆ ಡೆಲಿವರಿಗೆ ಮುಂಚೆ ಯಾರೋ ಅಳಿಸಿದ್ದಾರೆ. 78 ಸಾವಿರ ನಿಜವಾ ಅಂತಲೂ ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹಳೇ ರೆಕಾರ್ಡ್ ಕೇಳಿ.

ಮೈಸೂರು ಕಾರ್ ವ್ಯಾಪಾರಿ:
ಗ್ಯಾಸ್ ತುಂಬಿಸಿದ್ದೇ ಮೋಸ ಅನ್ನಬೇಡಿ ಅಣ್ಣ. ನಾವು ಪ್ರತಿ ಗಾಡಿಗೂ ತೊಳೆಸಿ, ಪಾಲಿಶ್ ಮಾಡಿಸಿ, ಎಸಿ ಗ್ಯಾಸ್ ಚೆಕ್ ಮಾಡಿಸಿಯೇ ನಿಲ್ಲಿಸುತ್ತೇವೆ.

ಹುಬ್ಬಳ್ಳಿ ಗ್ಯಾರೇಜ್:
ತುಂಬಿಸುವುದು ತಪ್ಪಲ್ಲರಿ. ಗ್ಯಾಸ್ ಯಾಕೆ ಖಾಲಿಯಾಗಿತ್ತು ಅಂತ ನೋಡದೆ ತುಂಬಿಸಿ, 'ಸೂಪರ್ ಕೂಲಿಂಗ್' ಅಂತ ಬರೆಯುವುದು ತಪ್ಪು.

ತುಮಕೂರು ವಕೀಲೆ:
ಕಾನೂನು ಏನು ಹೇಳುತ್ತದೆ ಅಂತ ಚಿಕ್ಕದಾಗಿ ಬರೆಯುತ್ತೇನೆ. 1930ರ ಸರಕು ಮಾರಾಟ ಕಾಯ್ದೆಯಲ್ಲಿ ಮೂಲ ನಿಯಮ ಕೊಳ್ಳುವವನೇ ನೋಡಿ ಕೊಳ್ಳಬೇಕು ಅಂತಲೇ. ಆದರೆ ಅದೇ ವ್ಯಾಪಾರ ಮಾಡುವವನು ವಿವರಣೆ ಕೊಟ್ಟು ಮಾರಿದರೆ, ಸಾಮಾನು ಮಾರಾಟಕ್ಕೆ ಯೋಗ್ಯವಾಗಿರಬೇಕು ಅಂತ ಸೆಕ್ಷನ್ 16 ಹೇಳುತ್ತದೆ. ಕೊಂಡವರು ಪರೀಕ್ಷೆ ಮಾಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ಈ ರಕ್ಷಣೆ ಇಲ್ಲ. ಹುಬ್ಬಳ್ಳಿಯವರು ಕ್ಲಚ್ ಮತ್ತು ಕಂಪ್ರೆಸರ್ ನಡುವೆ ಹೇಳಿದ ವ್ಯತ್ಯಾಸ ಸುಮಾರಾಗಿ ಇದೇ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮಾರುವವನು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ಇಲ್ಲದಿದ್ದರೆ ಅದೂ ದೋಷವೇ. ಹಾಗಾಗಿ ಆ ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. 'ಇದ್ದ ಹಾಗೇ ತಗೊಂಡಿದ್ದೇನೆ' ಅಂತ ಸಹಿ ಹಾಕಿಸಿಕೊಂಡಿದ್ದರೂ, ಗೊತ್ತಿದ್ದೂ ಮುಚ್ಚಿಟ್ಟ ದೋಷಕ್ಕೆ ಆ ಸಹಿ ರಕ್ಷಣೆ ಆಗಲ್ಲ. ದೂರನ್ನು ನಿಮ್ಮ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಎರಡು ವರ್ಷ ಸಮಯ ಇದೆ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಫೀಸೂ ಇಲ್ಲ. ಅದಕ್ಕೂ ಮುಂಚೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ.

ಕುಂದಾಪುರದ ಟೀಚರ್:
ಮೇಡಂ, ಡೀಲರ್ ಅಲ್ಲದೆ ನೇರವಾಗಿ ಓನರ್ ಹತ್ತಿರ ತಗೊಂಡರೆ?

ತುಮಕೂರು ವಕೀಲೆ:
ಅಲ್ಲಿ ಕಷ್ಟ ಜಾಸ್ತಿ. ತನ್ನ ಸ್ವಂತ ಕಾರು ಮಾರಿದ ವ್ಯಕ್ತಿ ವ್ಯಾಪಾರಿ ಅಲ್ಲ, ಹಾಗಾಗಿ ಸಾಮಾನ್ಯವಾಗಿ ಗ್ರಾಹಕ ಆಯೋಗಕ್ಕೆ ಹೋಗಲು ಬರಲ್ಲ. ಸುಳ್ಳು ಹೇಳಿ ಮಾರಿದ್ದಾರೆ ಅಂತ ಸಿವಿಲ್ ಕೋರ್ಟಿನಲ್ಲಿ ತೋರಿಸಬೇಕು. ಸುಮ್ನೆ ಹೇಳದೆ ಇದ್ದದ್ದು ಎಲ್ಲ ಸಲವೂ ಮೋಸ ಆಗಲ್ಲ. ಅದಕ್ಕೇ ಓನರ್ ಹತ್ತಿರ ಕೊಳ್ಳುವಾಗ ಪ್ರಶ್ನೆಗಳನ್ನು ವಾಟ್ಸಾಪ್‌ನಲ್ಲಿ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ.

ಲೆಸ್ಟರ್ ಕನ್ನಡಿಗ:
ನಾನಿರುವ ಇಂಗ್ಲೆಂಡಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಇದೆ. ಡೀಲರ್ ಹತ್ತಿರ ತಗೊಂಡ ಕಾರಿನಲ್ಲಿ ದೋಷ ಇದ್ದರೆ 30 ದಿನದ ಒಳಗೆ ವಾಪಸ್ ಕೊಡಬಹುದು. ಮೊದಲ ಆರು ತಿಂಗಳಲ್ಲಿ ದೋಷ ಕಂಡು ರಿಪೇರಿ ಕೇಳಿದರೆ, ಮಾರುವಾಗ ದೋಷ ಇರಲಿಲ್ಲ ಅಂತ ಡೀಲರೇ ತೋರಿಸಬೇಕು. ಆದರೆ ಇಲ್ಲೂ ವಯಸ್ಸು, ಓಡಿದ ಮೈಲಿ, ಬೆಲೆ ಎಲ್ಲ ನೋಡುತ್ತಾರೆ. ಸಹಜವಾಗಿ ಸವೆದ ಕ್ಲಚ್‌ಗೆ ಇಲ್ಲೂ ಯಾರೂ ದುಡ್ಡು ಕೊಡಲ್ಲ. ಭಾರತದಲ್ಲೂ ಆ ಆರು ತಿಂಗಳ ನಿಯಮ ಬರಬೇಕು. ಸಾಕ್ಷಿ ಹುಡುಕುವ ಭಾರ ಏನೂ ಗೊತ್ತಿಲ್ಲದವರ ಮೇಲೆ ಯಾಕೆ ಬೀಳಬೇಕು?

ಮೈಸೂರು ಕಾರ್ ವ್ಯಾಪಾರಿ:
ಆರು ತಿಂಗಳು ಅಂದರೆ ಸಣ್ಣ ವ್ಯಾಪಾರಿಗಳು ಅಂಗಡಿ ಮುಚ್ಚಬೇಕು. ಇಲ್ಲವೇ ಎಲ್ಲ ಗಾಡಿಗೂ ಬೆಲೆ ಏರಿಸಬೇಕಾಗುತ್ತೆ. ಕಂಪ್ರೆಸರ್ ವಿಷಯ ಒಪ್ಪುತ್ತೇನೆ, ನನ್ನ ಅಂಗಡಿ ಆಗಿದ್ದರೆ ಇಷ್ಟು ಬೇಗ ಹೋಗಿದ್ದಕ್ಕೆ ಹಾಕಿಸಿಕೊಡುತ್ತಿದ್ದೆ. ಕ್ಲಚ್ ಮಾತ್ರ ಕೊಡುತ್ತಿರಲಿಲ್ಲ.

ಕುಂದಾಪುರದ ಟೀಚರ್:
'ಒಂದು ರೂಪಾಯಿ ಕೆಲಸ ಇಲ್ಲ' ಅಂತ ಬರೆದ ಮೇಲೂ?

ಮೈಸೂರು ಕಾರ್ ವ್ಯಾಪಾರಿ:
ಆ ಸಾಲು ಬರೆಯಬಾರದಿತ್ತು. ಬರೆದ ಮೇಲೆ ಅರ್ಧ ಹಾಕಿಕೊಳ್ಳಬೇಕು ಅಂತ ನೀವು ಕೇಳಿದರೆ ಬೇಡ ಅನ್ನಲು ಬಾಯಿ ಬರಲ್ಲ.

ಬಸವನಗುಡಿ ಓದುಗ:
ಅರ್ಧವೂ ಯಾಕೆ? ಆ ಮಾತನ್ನು ಎಲ್ಲ ಜಾಹೀರಾತಿನಲ್ಲೂ ಬರೆಯುತ್ತಾರೆ. ಅದನ್ನು ನಂಬಿ ಗಾಡಿ ತಗೊಳ್ಳುವವರು ತಮ್ಮ ಜೊತೆ ಒಬ್ಬ ಮೆಕ್ಯಾನಿಕ್‌ನ ಕರ್ಕೊಂಡು ಹೋಗಲಿ.

ಹುಬ್ಬಳ್ಳಿ ಗ್ಯಾರೇಜ್:
ಕರ್ಕೊಂಡು ಹೋಗಬೇಕು, ನಿಜ. ಆದರೆ ಎಲ್ಲರೂ ಬರೀತಾರೆ ಅಂದ ಮಾತ್ರಕ್ಕೆ ಸುಳ್ಳಿಗೆ ಹೊಣೆ ಇಲ್ಲ ಅನ್ನೋದನ್ನ ನಾನು ಒಪ್ಪಲ್ಲ.

ತುಂಗಾ ತೀರ, ಶಿವಮೊಗ್ಗ:
ಎಲ್ಲರಿಗೂ ಧನ್ಯವಾದ. ಕ್ಲಚ್ ದುಡ್ಡಲ್ಲಿ ಅರ್ಧ, ಕಂಪ್ರೆಸರ್ ದುಡ್ಡು ಪೂರ್ತಿ ಕೇಳುತ್ತೇನೆ. ಕೊನೆಯ ಪ್ರಶ್ನೆ: ಅಮ್ಮನನ್ನು ಮತ್ತೆ ಮಣಿಪಾಲಕ್ಕೆ ಕರ್ಕೊಂಡು ಹೋಗಬೇಕು. ಈಗಲೇ ರಿಪೇರಿ ಮಾಡಿಸಿದರೆ ಕೇಸ್ ಹಾಳಾಗುತ್ತಾ?

ತುಮಕೂರು ವಕೀಲೆ:
ಸುಮ್ಮನೆ ಮಾಡಿಸಬೇಡಿ. ಮೊದಲು ಡೀಲರ್‌ಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಬರೆಯಿರಿ. ಇಂಥ ದಿನದೊಳಗೆ ಬಂದು ಗಾಡಿ ನೋಡಿ, ಇಲ್ಲದಿದ್ದರೆ ರಿಪೇರಿ ಮಾಡಿಸಿ ಬಿಲ್ ಕಳಿಸುತ್ತೇವೆ ಅಂತ. ಬರದಿದ್ದರೆ ಗ್ಯಾರೇಜಿನವರಿಂದ ಸಹಿ, ಸೀಲು ಇರುವ ವರದಿ ತಗೊಂಡು ಮಾಡಿಸಿ. ಬಿಲ್‌ನಲ್ಲಿ ಮಾರಿದವರು ಅಂತ ಯಾರ ಹೆಸರಿದೆ ಅಂತಲೂ ನೋಡಿ. ಕೆಲವರು ದುಡ್ಡು ತಾವು ತಗೊಂಡು, ಕಾಗದದಲ್ಲಿ ಹಳೇ ಓನರ್ ಹೆಸರು ಮಾತ್ರ ಇಟ್ಟಿರುತ್ತಾರೆ. ಹಾಗಿದ್ದರೆ ಡೀಲರ್ ಖಾತೆಗೆ ದುಡ್ಡು ಹೋದ ಬ್ಯಾಂಕ್ ದಾಖಲೆ ಬೇಕು.

ಹುಬ್ಬಳ್ಳಿ ಗ್ಯಾರೇಜ್:
ಬಿಚ್ಚುವಾಗ ವಿಡಿಯೊ ಮಾಡಿಸಿ, ನಂಬರ್ ಪ್ಲೇಟ್ ಕಾಣಬೇಕು. ಹಳೇ ಕಂಪ್ರೆಸರ್, ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ ಮೂರನ್ನೂ ಮನೆಗೆ ತಗೊಂಡು ಹೋಗಿ, ಗುಜರಿಗೆ ಹಾಕಲು ಬಿಡಬೇಡಿ. ಲೋಹದ ಪುಡಿ ಬಂದಿದ್ದರೆ ಪೈಪ್ ಫ್ಲಶ್ ಮಾಡಿಸಿ, ಎಸಿಯ ಡ್ರೈಯರ್ (ಗ್ಯಾಸಿನ ತೇವ ಹೀರುವ ಡಬ್ಬಿ) ಹೊಸದು ಹಾಕಿಸಿ. ಇಲ್ಲದಿದ್ದರೆ ಹೊಸ ಕಂಪ್ರೆಸರ್ ಕೂಡ ಅದೇ ಪುಡಿಗೆ ಹೋಗುತ್ತೆ, ಆ ಖರ್ಚು ಯಾರ ಹತ್ತಿರವೂ ಕೇಳಲು ಬರಲ್ಲ.