ತಮ್ಮ ಆ್ಯಪ್ ಸಾಲಕ್ಕೆ ಸಿಕ್ಕಿಕೊಂಡಿದ್ದಾನೆ, ಮೊದಲು ಏನು ಮಾಡಲಿ?

ಕೇಳಿದವರು: ನನ್ನ ತಮ್ಮ ಡಿಗ್ರಿ ಎರಡನೇ ವರ್ಷ. ಶಾಪಿಂಗ್ ಆ್ಯಪ್‌ನಲ್ಲಿ ಕಂತಿನ ಮೇಲೆ ಫೋನ್ ತಗೊಂಡ. ಕಂತು ಕಟ್ಟೋಕೆ ಇನ್ನೊಂದು ಆ್ಯಪ್‌ನಲ್ಲಿ ಸಾಲ. ಅದನ್ನು ತೀರಿಸೋಕೆ ಮೂರನೆಯದು. ಮನೆಯಲ್ಲಿ ಇನ್ನೂ ಹೇಳಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1: ಅಕ್ಕಾ, ಕಾಲೇಜಿನಲ್ಲಿ ನಾನೂ ಇದನ್ನೇ ಮಾಡಿದ್ದೆ. ನಾಲ್ಕನೇ ಆ್ಯಪ್‌ಗೆ ಕೈ ಹಾಕದಂತೆ ಇವತ್ತೇ ತಡೆಯಿರಿ. ಒಂದೆರಡು ದಿನ ಬಾಕಿ ಉಳಿದರೂ ಪರವಾಗಿಲ್ಲ, ಸಾಲ ತೀರಿಸೋಕೆ ಸಾಲ ಬೇಡ.

ನನ್ನ ಲೆಕ್ಕ ಹೀಗಿತ್ತು. ಸಾಲ 100 ಅಂದುಕೊಳ್ಳಿ. ಪ್ರೊಸೆಸಿಂಗ್ ಫೀ ಅಂತ 20 ಮೊದಲೇ ಮುರಿದುಕೊಂಡು 80 ಕೊಟ್ಟರು. 7 ದಿನಕ್ಕೆ 100 ವಾಪಸ್ ಕೊಡಬೇಕು. 80ಕ್ಕೆ ವಾರಕ್ಕೆ 20, ಅಂದರೆ ಶೇ. 25. ವರ್ಷಕ್ಕೆ 52 ವಾರ, ಶೇ. 1300! ಬಡ್ಡಿಯ ಜಾಗದಲ್ಲಿ ಮಾತ್ರ ಸೊನ್ನೆ ಅಂತ ಬರೆದಿತ್ತು.

ಕೊನೆಗೆ ಅಪ್ಪನ ಹತ್ತಿರ ಹೇಳಿದೆ. ಬೈಯುತ್ತಾರೆ ಅಂತ ಕಾದೆ. ಅವರು ಹಳೇ ನೋಟ್‌ಬುಕ್ ತಂದು ಗೀಟು ಎಳೆದರು: ಆ್ಯಪ್ ಹೆಸರು, ಕೈಗೆ ಬಂದದ್ದು, ಕಟ್ಟಿದ್ದು, ಬಾಕಿ. ಮೂರನೇ ಸಾಲು ತುಂಬುವಾಗ ನನ್ನ ಕೈ ನಡುಗುತ್ತಿತ್ತು. ಒಂದು ಆ್ಯಪ್‌ಗೆ ಬಂದದ್ದಕ್ಕಿಂತ ಜಾಸ್ತಿ ಆಗಲೇ ಕಟ್ಟಿಬಿಟ್ಟಿದ್ದೆ. ಮನೆಯಲ್ಲಿ ಹೇಳಿಸಿ ಅಕ್ಕಾ, ಅವನೊಬ್ಬನೇ ಹೊರೋದು ಬೇಡ.

ಉತ್ತರ 2: ಆನ್‌ಲೈನ್ ಅಂಗಡಿಯ ಆರ್ಡರ್ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಫೋನ್ ವಾಪಸ್ ಮಾಡೋ ಯೋಚನೆ ಇದ್ದರೆ ಇದು ಗೊತ್ತಿರಲಿ. ಅಂಗಡಿಯ ಆರ್ಡರ್ ಲೆಕ್ಕ ಬೇರೆ, ಸಾಲ ಕೊಟ್ಟವರ ಖಾತೆ ಬೇರೆ. ಪರದೆಯಲ್ಲಿ ‘ರೀಫಂಡ್ ಆಗಿದೆ’ ಅಂತ ಬಂದರೂ ಆ ಹಣ ಸಾಲದ ಖಾತೆಗೆ ಸೇರುವವರೆಗೆ ಕಂತು ಬರುತ್ತಲೇ ಇರಬಹುದು. ವಸ್ತು ಕಳಿಸಿಯಾಯಿತಲ್ಲ ಅಂತ ಸುಮ್ನೆ ಕೂತವರಿಗೆ ತಡದ ದಂಡ ಬಿದ್ದದ್ದನ್ನು ನೋಡಿದ್ದೇನೆ. ವಾಪಸ್ ಕಳಿಸಿದ ರಸೀದಿ, ರೀಫಂಡ್ ನಂಬರ್ ಎರಡನ್ನೂ ಸಾಲದ ಕಂಪನಿಗೆ ನೀವೇ ಮೇಲ್ ಮಾಡಿ.

ಇನ್ನೊಂದು ಮಾತು. ಪಾವತಿ ಪುಟದಲ್ಲಿ ಕೆಲವು ಕಡೆ ‘ಆಮೇಲೆ ಕೊಡಿ’ ಅನ್ನೋದು ಮೊದಲೇ ಟಿಕ್ ಆಗಿರುತ್ತದೆ. ಅದನ್ನು ತೆಗೆಸಿಬಿಡಿ.

ಉತ್ತರ 3: ಕಾಂಟ್ಯಾಕ್ಟ್, ಫೋಟೋ ನೋಡೋಕೆ ಅನುಮತಿ ಕೊಟ್ಟಿದ್ದಾನಾ? ಸಾಲದ ಆ್ಯಪ್‌ಗಳು ಇವನ್ನು ಮುಟ್ಟುವಂತಿಲ್ಲ ಅಂತ ಗೂಗಲ್ ಪ್ಲೇ 2023ರಲ್ಲಿ ನಿಯಮ ತಂದಿದೆ. ಆದರೆ ಮೆಸೇಜ್‌ನಲ್ಲಿ ಬಂದ ಲಿಂಕ್‌ನಿಂದ ಹಾಕಿಕೊಂಡ ಆ್ಯಪ್‌ಗೆ ಆ ಕಾವಲು ಇಲ್ಲ. ಆ್ಯಪ್ ತೆಗೆದರೂ ಆಗಲೇ ಹೋದ ನಂಬರ್‌ಗಳು ಅವರ ಹತ್ತಿರವೇ ಇರುತ್ತವೆ. ಹಾಗಾಗಿ ನೆಂಟರಿಗೆ, ಗೆಳೆಯರಿಗೆ ಮೊದಲೇ ಒಂದು ಮಾತು ಹೇಳಿಡಿ. ಬೆದರಿಕೆ ಬಂದರೆ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಪೊಲೀಸರ ಹತ್ತಿರ ಹೋಗಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಎರಡನೇ ಆ್ಯಪ್‌ನಲ್ಲಿ ಸಾಲದ ಕರಾರು ಪತ್ರವೇ ಕಾಣುತ್ತಿಲ್ಲ. ಇವತ್ತು ರಾತ್ರಿ ಅವನ ಜೊತೆ ಕೂತು ಅದನ್ನು ಕೇಳಿ ಮೇಲ್ ಹಾಕಿಸುತ್ತೇನೆ. ಆಮೇಲೆ ಅಮ್ಮನ ಹತ್ತಿರ ಇಬ್ಬರೂ ಹೋಗುತ್ತೇವೆ.