ಹಳೆಯ ಕಪಾಟಿನ ಹಿತ್ತಾಳೆ ಕೀಲುಗಳನ್ನು ಉಳಿಸಿಕೊಳ್ಳಬಹುದೇ?

ಪ್ರಶ್ನೆ: ಓಕ್ ಮರದ ಹಳೆಯ ಕಪಾಟೊಂದನ್ನು ದುರಸ್ತಿ ಮಾಡುತ್ತಿದ್ದೇನೆ. ಹಿತ್ತಾಳೆ ಕೀಲುಗಳು ಗಟ್ಟಿಯಾಗಿದ್ದರೂ ಸ್ಕ್ರೂ ತೂತುಗಳು ಸವೆದು ಅಗಲವಾಗಿರುವುದರಿಂದ ಬಾಗಿಲು ಜೋತುಬಿದ್ದು ಚೌಕಟ್ಟಿಗೆ ಉಜ್ಜುತ್ತಿದೆ. ಹಿಂದೆ ಯಾರೋ ಹಾಕಿದ ಕಬ್ಬಿಣದ ಸ್ಕ್ರೂಗಳ ಸುತ್ತ ಮರ ಕಪ್ಪಾಗಿದೆ. ಕೀಲುಗಳನ್ನೇ ಬದಲಿಸಬೇಕೇ?

ಉತ್ತರ 1: ದಯವಿಟ್ಟು ಬದಲಿಸಬೇಡಿ. ತೂತುಗಳನ್ನು ಸ್ವಲ್ಪ ಹಿಗ್ಗಿಸಿ, ಅದೇ ಜಾತಿಯ ಮರದ ಬೆಣೆಯನ್ನು ಅಂಟು ಹಚ್ಚಿ ಕೂರಿಸಿ. ಬೆಣೆಯ ಎಳೆಯ ದಿಕ್ಕು ಬಾಗಿಲಿನ ಎಳೆಗೆ ಹೊಂದಿಕೊಂಡಿದ್ದರೆ ಸ್ಕ್ರೂ ಹೆಚ್ಚು ಬಿಗಿಯಾಗಿ ಕಚ್ಚುತ್ತದೆ. ಅಂಟು ಪೂರ್ತಿ ಒಣಗಿದ ಮೇಲೆ ಸಣ್ಣ ತೂತು ಕೊರೆದು, ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ತಿರುಗಿಸಿ ದಾರಿ ಮಾಡಿಕೊಳ್ಳಿ. ಹಿತ್ತಾಳೆ ಮೃದು ಲೋಹವಾದ್ದರಿಂದ ಗಟ್ಟಿಮರದಲ್ಲಿ ನೇರವಾಗಿ ತಿರುಗಿಸಿದರೆ ತಲೆ ಮುರಿದು, ಉಳಿದ ತುಂಡು ಒಳಗೇ ಸಿಕ್ಕಿಕೊಳ್ಳುತ್ತದೆ. ಉಕ್ಕಿನದನ್ನು ತೆಗೆದು, ಹಿತ್ತಾಳೆ ಸ್ಕ್ರೂವಿನ ಮರೆಗಳಿಗೆ (ಸುರುಳಿ ಏಣುಗಳಿಗೆ) ಮೇಣ ಸವರಿ ಕೈಯಿಂದಲೇ ಬಿಗಿಮಾಡಿ.

ಉತ್ತರ 2: ಓಕ್ ಮರದಲ್ಲಿ ಸಹಜವಾಗಿರುವ ಟ್ಯಾನಿನ್ ಎಂಬ ಒಗರು ವಸ್ತು, ತೇವದ ಸಂಪರ್ಕದಲ್ಲಿ ಕಬ್ಬಿಣದೊಡನೆ ವರ್ತಿಸುವುದರಿಂದಲೇ ಆ ಕಪ್ಪು ಕಲೆ ಮೂಡಿದೆ. ಆಕ್ಸಾಲಿಕ್ ಆಮ್ಲದ ದ್ರಾವಣದಿಂದ ಅದನ್ನು ತಿಳಿಯಾಗಿಸಬಹುದು. ಆದರೆ ಅದು ವಿಷಕಾರಿಯಾದ್ದರಿಂದ ಕೈಗವಸು ಧರಿಸಿ, ನಂತರ ಮರವನ್ನು ನೀರಿನಿಂದ ಚೆನ್ನಾಗಿ ಒರೆಸಿ. ಹೊಸ ಸ್ಕ್ರೂಗಳನ್ನು ಅಯಸ್ಕಾಂತದಿಂದ ಪರೀಕ್ಷಿಸಿಕೊಳ್ಳಿ: ಅಂಟಿಕೊಂಡರೆ ಅದು ಹಿತ್ತಾಳೆಯ ಲೇಪವಿರುವ ಉಕ್ಕು.

ಉತ್ತರ 3: ಮರುಜೋಡಿಸುವ ಮುನ್ನ ಕೀಲಿನ ನಡುಕಡ್ಡಿಯನ್ನೂ ನೋಡಿ. ಎರಡು ರೆಕ್ಕೆಗಳು ಮೇಲೆ ಕೆಳಗೆ ಅಲುಗಾಡುತ್ತಿದ್ದರೆ ತೂತು ಸರಿಪಡಿಸಿದರೂ ಬಾಗಿಲು ಮತ್ತೆ ಜೋತುಬೀಳಬಹುದು. ಹಿತ್ತಾಳೆಯನ್ನು ಉಜ್ಜಿ ಹೊಳಪಿಸುವ ಅಗತ್ಯವಂತೂ ಖಂಡಿತ ಇಲ್ಲ.